ಗಾಜು ಕೊರೆಯದೆ ಪಾಚಿಗೊಂದು ಮನೆ

ಪ್ರಶ್ನೆ: ಮೇಡಂ, ನನ್ನದು 90 ಸೆಂ.ಮೀ. ಉದ್ದ, 45 ಅಗಲ, 50 ಎತ್ತರದ ಉಪ್ಪುನೀರಿನ ಅಕ್ವೇರಿಯಂ. ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಒಂದು ಜೊತೆ ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ, ನಾಲ್ಕೈದು ಮೆದು ಹವಳ ಇವೆ. ನೈಟ್ರೇಟ್ ಲೀಟರಿಗೆ 40 ಮಿ.ಗ್ರಾಂ.ನಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಫಾಸ್ಫೇಟ್ 0.2 ಇದೆ. ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ. ವಾರ ವಾರ ನೀರು ಬದಲಿಸಿ ಸಾಕಾಗಿದೆ. ರೆಫ್ಯೂಜಿಯಂ ಇಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ಅದಕ್ಕೆ ಟ್ಯಾಂಕ್ ಕೊರೆದು ಕೆಳಗೆ ಇನ್ನೊಂದು ತೊಟ್ಟಿ, ಅಂದರೆ ಸಂಪ್, ಇಡಬೇಕಂತೆ. ಮೀನಿರುವ ಟ್ಯಾಂಕ್ ಕೊರೆಯಲು ನನಗೆ ಧೈರ್ಯ ಇಲ್ಲ. ಅಂಚಿಗೆ ತೂಗುಹಾಕುವ ಸೈಫನ್ ಓವರ್‌ಫ್ಲೋ ತಂದರೆ ಆಗುತ್ತದಾ? ಮುಂದೆ ಒಂದು ಮ್ಯಾಂಡರಿನ್ ಮೀನು ಸಾಕುವ ಆಸೆಯೂ ಇದೆ.

ಉತ್ತರ: ಕೊರೆಯಬೇಡಿ. ನೀರು ತುಂಬಿದ, ಮೀನು ಓಡಾಡುವ ಟ್ಯಾಂಕನ್ನು ಯಾರೂ ಕೊರೆಯಬಾರದು. ಖಾಲಿ ಟ್ಯಾಂಕ್ ಆದರೂ ಅದು ಯಾವ ಗಾಜು ಎಂದು ಮೊದಲು ತಿಳಿದಿರಬೇಕು. ಟೆಂಪರ್ ಮಾಡಿದ ಗಾಜಿನ ಮೇಲ್ಪದರ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ನಡುಭಾಗ ಎಳೆದುಕೊಂಡಿರುತ್ತದೆ. ಡ್ರಿಲ್ ಆ ಪದರ ದಾಟಿದ ಕೂಡಲೇ ಇಡೀ ಗಾಜು ಚೂರುಚೂರಾಗುತ್ತದೆ. ಎಷ್ಟೋ ಟ್ಯಾಂಕ್‌ಗಳ ತಳಕ್ಕೆ ಹಾಕಿರುವುದು ಇದೇ ಗಾಜು.

ನಿಮಗೆ ನಾನು ಹೇಳುವ ದಾರಿ ಸರಳ. ಟ್ಯಾಂಕ್‌ಗಿಂತ ಎತ್ತರದಲ್ಲಿ ಒಂದು ಅಕ್ರಿಲಿಕ್ ಪೆಟ್ಟಿಗೆ ಇಡಿ, ಅದೇ ನಿಮ್ಮ ರೆಫ್ಯೂಜಿಯಂ. ಸಣ್ಣ ಪಂಪು ನೀರನ್ನು ಮೇಲಕ್ಕೆ ಕಳಿಸಲಿ. ನೀರು ತಾನಾಗಿ ಇಳಿದು ಟ್ಯಾಂಕ್‌ಗೆ ಬರಲಿ. ತೂತು ಬೇಕಾಗುವುದು ಪೆಟ್ಟಿಗೆಗೆ, ಟ್ಯಾಂಕ್‌ಗಲ್ಲ. ಖಾಲಿ ಅಕ್ರಿಲಿಕ್ ಕೊರೆಯುವುದು ಕಷ್ಟದ ಕೆಲಸವೂ ಅಲ್ಲ.

ರೆಫ್ಯೂಜಿಯಂ ಅಂದರೆ ಆಸರೆಯ ಜಾಗ. ಟ್ಯಾಂಕ್‌ನ ನೀರೇ ಹರಿದುಬರುವ, ಆದರೆ ಮೀನಿನ ಬಾಯಿ ತಲುಪದ ಇನ್ನೊಂದು ಕೋಣೆ. ಅಲ್ಲಿ ಪಾಚಿ ಬೆಳೆಯುತ್ತದೆ. ಪಾಚಿಯ ಎಳೆಗಳ ನಡುವೆ ಕೋಪೆಪಾಡ್, ಆಂಫಿಪಾಡ್‌ನಂಥ ಪುಟ್ಟ ಜೀವಿಗಳು ಹೆಚ್ಚುತ್ತವೆ. ಪಾಚಿ ಬೆಳೆಯುವಾಗ ನೀರಿನ ನೈಟ್ರೇಟ್, ಫಾಸ್ಫೇಟ್ ಹೀರಿಕೊಳ್ಳುತ್ತದೆ. ನೀವು ಪಾಚಿ ಕಿತ್ತು ಹೊರಗೆ ಹಾಕಿದಾಗ ಅವೂ ಅದರ ಜೊತೆ ಹೊರಗೆ ಹೋಗುತ್ತವೆ. ಕೀಳದೆ ಬಿಟ್ಟರೆ ಏನೂ ಹೋಗಿಲ್ಲ. ನೀರಿನಲ್ಲಿದ್ದದ್ದು ಪಾಚಿಯೊಳಗೆ ಹೋಗಿ ಕೂತಿದೆ ಅಷ್ಟೇ.

ಈಗ ಸೈಫನ್ ವಿಷಯ. ಅದನ್ನು ನಾನು ಎರಡು ವರ್ಷ ಬಳಸಿದ್ದೇನೆ. ಟ್ಯಾಂಕ್ ಒಳಗೊಂದು ಡಬ್ಬಿ, ಹೊರಗೊಂದು ಡಬ್ಬಿ. ಇವೆರಡರ ನಡುವೆ ಗಾಜಿನ ಅಂಚು ಹತ್ತಿ ಇಳಿಯುವ ಕೊಳವೆ. ಆ ಕೊಳವೆ ಸದಾ ನೀರಿನಿಂದ ತುಂಬಿರಬೇಕು. ತುಂಬಿರುವಷ್ಟು ದಿನ ಚೆನ್ನಾಗಿಯೇ ನಡೆಯುತ್ತದೆ. ಆದರೆ ನೀರಿನಲ್ಲಿರುವ ಸಣ್ಣ ಸಣ್ಣ ಗುಳ್ಳೆಗಳು ಕೊಳವೆಯ ಬಾಗಿನಲ್ಲಿ ಸೇರುತ್ತವೆ. ಹರಿವು ಜೋರಾಗಿದ್ದರೆ ನೀರು ಅವನ್ನು ಕೊಚ್ಚಿಕೊಂಡು ಹೋಗುತ್ತದೆ. ನಿಧಾನವಾಗಿದ್ದರೆ ಅವು ಅಲ್ಲೇ ಒಂದಾಗಿ ದೊಡ್ಡ ಗುಳ್ಳೆಯಾಗುತ್ತವೆ. ಒಂದು ದಿನ ಸೈಫನ್ ಕಡಿದುಹೋಗುತ್ತದೆ. ನೀರು ಕೆಳಗೆ ಹೋಗುವುದು ನಿಂತಿತು, ಸಂಪ್‌ನ ಪಂಪು ಮಾತ್ರ ಮೇಲಕ್ಕೆ ತಳ್ಳುತ್ತಲೇ ಇದೆ. ಆಮೇಲೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ರೆಫ್ಯೂಜಿಯಂಗೆ ಬೇಕಾಗುವುದು ನಿಧಾನದ ಹರಿವು. ಸೈಫನ್‌ಗೆ ಅದೇ ಆಗಿಬರುವುದಿಲ್ಲ. ನನ್ನದು ಎರಡು ಸಲ ಕಡಿದುಹೋಯಿತು. ಎರಡು ಸಲವೂ ರಾತ್ರಿ.

ಬೇರೆ ದಾರಿಯೇ ಇಲ್ಲ, ಸೈಫನ್ನೇ ಬೇಕು ಎನ್ನುವವರಿಗೆ ಒಂದೇ ಮಾತು. ಸಂಪ್‌ನಲ್ಲಿ ಪಂಪು ಕೂರುವ ಕೋಣೆ ಚಿಕ್ಕದಿರಲಿ. ಅದರಲ್ಲಿರುವ ಅಷ್ಟೂ ನೀರು ಟ್ಯಾಂಕ್‌ಗೆ ಬಂದರೂ ಅಂಚು ಮೀರಬಾರದು. ನೀರು ಮುಗಿದು ಪಂಪು ಗಾಳಿ ಎಳೆಯಬೇಕು, ಟ್ಯಾಂಕ್ ಉಕ್ಕಬಾರದು.

ಮೇಲೆ ಪೆಟ್ಟಿಗೆ ಇಡುವ ವಿಧಾನದಲ್ಲೂ ಎರಡು ಅಪಾಯ ಇವೆ. ಒಂದು, ಕರೆಂಟು ಹೋಗಿ ಪಂಪು ನಿಲ್ಲುವುದು. ಇನ್ನೊಂದು, ಪಂಪು ಓಡುತ್ತಿರುವಾಗಲೇ ಇಳಿಪೈಪು ಕಟ್ಟಿಕೊಳ್ಳುವುದು. ಇವೆರಡಕ್ಕೂ ಪೆಟ್ಟಿಗೆ ಮಾಡಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ನಿಮ್ಮ ಟ್ಯಾಂಕ್ ಅಳತೆಯಲ್ಲೇ ಹಾಕಿ ತೋರಿಸುತ್ತೇನೆ.

ನಿಮ್ಮ ಟ್ಯಾಂಕ್ 90 × 45. ಅಂದರೆ ನೀರು ಒಂದು ಸೆಂ.ಮೀ. ಏರಿದರೆ ಅಥವಾ ಇಳಿದರೆ 4 ಲೀಟರ್ ಲೆಕ್ಕ. ಪೆಟ್ಟಿಗೆ 50 ಸೆಂ.ಮೀ. ಉದ್ದ, 20 ಅಗಲ ಇರಲಿ. ಅದರಲ್ಲಿ ಒಂದು ಸೆಂ.ಮೀ.ಗೆ ಸರಿಯಾಗಿ ಒಂದು ಲೀಟರ್. ಈ ಅಳತೆ ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ. ಲೆಕ್ಕ ಬಾಯಲ್ಲೇ ಆಗುತ್ತದೆ. ಇಳಿಪೈಪಿನ ತೂತಿನ ಕೆಳಅಂಚು ತಳದಿಂದ 20 ಸೆಂ.ಮೀ. ಎತ್ತರದಲ್ಲಿರಲಿ. ಹಾಗಾದರೆ ಸುಮಾರು 20 ಲೀಟರಿನ ರೆಫ್ಯೂಜಿಯಂ ಸಿಕ್ಕಿತು. ಟ್ಯಾಂಕ್‌ನ ಹತ್ತನೇ ಒಂದು ಭಾಗ. ದೊಡ್ಡದಿದ್ದಷ್ಟೂ ಒಳ್ಳೆಯದು, ಆದರೆ ಶುರು ಮಾಡಲು ಇಷ್ಟು ಸಾಕು.

ಮೊದಲ ಅಪಾಯ: ಪಂಪು ನಿಂತಿತು. ನೀರು ಹರಿಯುತ್ತಿರುವಾಗ ತೂತಿನ ಕೆಳಅಂಚಿಗಿಂತ ಒಂದೆರಡು ಸೆಂ.ಮೀ. ಮೇಲೆ ನಿಂತಿರುತ್ತದೆ. ಅದು ಇಳಿದು ಬರುತ್ತದೆ. ಎರಡು ಲೀಟರ್ ಅಂದುಕೊಳ್ಳಿ. ಟ್ಯಾಂಕ್ ಅರ್ಧ ಸೆಂ.ಮೀ. ಏರುತ್ತದೆ. ಇದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಏರುಪೈಪಿನಲ್ಲಿ. ಅದರ ತುದಿ ಪೆಟ್ಟಿಗೆಯ ನೀರಿನೊಳಗೆ 15 ಸೆಂ.ಮೀ. ಮುಳುಗಿದ್ದರೆ, ಪಂಪು ನಿಂತ ಕೂಡಲೇ ನೀರು ಅದೇ ಪೈಪಿನಲ್ಲಿ ವಾಪಸ್ ಇಳಿಯತೊಡಗುತ್ತದೆ. ಪೈಪಿನ ತುದಿ ಗಾಳಿಗೆ ತೆರೆಯುವ ತನಕ ನಿಲ್ಲುವುದಿಲ್ಲ. 15 ಲೀಟರ್ ಕೆಳಗೆ ಬಂತು. ಟ್ಯಾಂಕ್ ಸುಮಾರು ನಾಲ್ಕು ಸೆಂ.ಮೀ. ಏರಿತು. ಅಂಚಿನವರೆಗೆ ಅಷ್ಟು ಜಾಗ ಬಿಟ್ಟಿರುವವರು ಕಡಿಮೆ. ಪೈಪಿಗೆ ನೀರಿನ ಮಟ್ಟದಲ್ಲಿ ಒಂದು ಸಣ್ಣ ತೂತು ಕೊರೆದರೆ ಗಾಳಿ ಒಳಗೆ ಹೋಗಿ ಇಳಿಯುವುದು ನಿಲ್ಲುತ್ತದೆ ಎನ್ನುತ್ತಾರೆ. ನಿಜ. ಆದರೆ ಆ ತೂತು ಉಪ್ಪಿನಿಂದಲೋ ಪಾಚಿಯಿಂದಲೋ ಕಟ್ಟಿಕೊಳ್ಳುತ್ತದೆ. ಏರುಪೈಪಿನ ತುದಿಯನ್ನು ನೀರಿನ ಮೇಲೆಯೇ ನಿಲ್ಲಿಸಿ. ನೀರು ಮೇಲಿಂದ ಬೀಳಲಿ. ಸ್ವಲ್ಪ ಸದ್ದಾಗುತ್ತದೆ, ಬೀಳುವ ಜಾಗದಲ್ಲಿ ಒಂದು ತುಂಡು ಫಿಲ್ಟರ್ ಸ್ಪಂಜು ಇಟ್ಟರೆ ಅದೂ ಕಡಿಮೆಯಾಗುತ್ತದೆ. ಸ್ಪಂಜನ್ನು ಮಾತ್ರ ಆಗಾಗ ತೊಳೆಯಬೇಕು.

ಎರಡನೇ ಅಪಾಯ: ಇಳಿಪೈಪು ಕಟ್ಟಿತು. ಇದು ನನಗೆ ಆಗಿದೆ. ನನ್ನ ಮೊದಲ ಪೆಟ್ಟಿಗೆಯ ತೂತಿಗೆ ಜಾಲರಿ ಇರಲಿಲ್ಲ. ಪಂಪನ್ನು ಟ್ಯಾಂಕ್‌ನ ತಳದಲ್ಲಿ ಇಟ್ಟಿದ್ದೆ. ಒಂದು ಹಿಡಿ ಪಾಚಿ ತೇಲಿ ಹೋಗಿ ತೂತಿನ ಬಾಯಿಗೆ ಅಂಟಿಕೊಂಡಿತು. ನಾನು ಮನೆಗೆ ಬಂದಾಗ ಸಂಜೆ. ನೆಲದ ತುಂಬ ಉಪ್ಪುನೀರು. ಟ್ಯಾಂಕ್‌ನಲ್ಲಿ ಗೇಣುದ್ದ ನೀರು ಉಳಿದಿತ್ತು. ಅದರಲ್ಲಿ ಮೀನುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹವಳಗಳು ಗಾಳಿಯಲ್ಲಿದ್ದವು. ಮೀನು ಬದುಕಿದವು. ಮೇಲಿನ ಕಲ್ಲಿನ ಮೇಲಿದ್ದ ಹವಳಗಳು ಉಳಿಯಲಿಲ್ಲ. ಆ ಸಂಜೆಯ ಆಮೇಲೆ ನಾನು ಪಂಪನ್ನು ತಳದಲ್ಲಿ ಇಟ್ಟಿಲ್ಲ.

ಈಗ ಮಾಡುವುದು ಹೀಗೆ. ಪಂಪು ಕೂರುವಷ್ಟು ಅಗಲದ, ಉದ್ದನೆಯ ಪ್ಲಾಸ್ಟಿಕ್ ಲೋಟದಂಥ ಒಂದು ಪಾತ್ರೆ ತೆಗೆದುಕೊಳ್ಳಿ. ಪಂಪನ್ನು ಅದರೊಳಗೆ ಕೂರಿಸಿ, ಪಾತ್ರೆಯನ್ನು ಟ್ಯಾಂಕ್ ಒಳಗೆ ಗಾಜಿಗೆ ತೂಗುಹಾಕಿ. ಪಾತ್ರೆಯ ಬಾಯಿ ಟ್ಯಾಂಕ್ ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗಿರಬೇಕು. ಪಕ್ಕದಲ್ಲಿ ಬೇರೆ ತೂತು ಇರಬಾರದು. ಬಾಯಿಗೆ ಪ್ಲಾಸ್ಟಿಕ್ ಜಾಲರಿ ಕಟ್ಟಿ, ಮೀನು ಬೀಳದಿರಲಿ. ಈಗ ಪಂಪು ಎಷ್ಟು ಎಳೆದರೂ ಟ್ಯಾಂಕ್‌ನಿಂದ ಹೋಗುವುದು ಆ 3 ಸೆಂ.ಮೀ. ನೀರು ಮಾತ್ರ. ಅಂದರೆ 12 ಲೀಟರ್. ಅಷ್ಟಾದ ಮೇಲೆ ಪಾತ್ರೆ ಬರಿದಾಗಿ ಪಂಪು ಗಾಳಿ ಎಳೆಯುತ್ತದೆ.

ಆ 12 ಲೀಟರ್ ಮತ್ತು ಪಾತ್ರೆಯೊಳಗಿನ ಒಂದೆರಡು ಲೀಟರ್ ಎಲ್ಲಿಗೆ ಹೋಗಬೇಕು? ಪೆಟ್ಟಿಗೆಯೊಳಗೇ ಇರಬೇಕು. ತೂತು 20 ಸೆಂ.ಮೀ.ನಲ್ಲಿದೆ. ಹರಿಯುವಾಗ ನೀರು 22ರಲ್ಲಿ ನಿಂತಿರುತ್ತದೆ. ಪೆಟ್ಟಿಗೆಯ ಎತ್ತರ 40 ಸೆಂ.ಮೀ. ಇದ್ದರೆ ಮೇಲೆ 18 ಲೀಟರಿನ ಜಾಗ ಖಾಲಿ ಇದೆ. ಇಳಿಪೈಪು ಪೂರ್ತಿ ಕಟ್ಟಿಕೊಂಡರೂ ಒಂದು ಹನಿ ನೆಲಕ್ಕೆ ಬೀಳುವುದಿಲ್ಲ. ಪೆಟ್ಟಿಗೆ ಮಾಡಿಸುವಾಗ ಎಲ್ಲರೂ ಎತ್ತರವನ್ನೇ ಉಳಿಸುತ್ತಾರೆ. ದಯವಿಟ್ಟು ಅದನ್ನು ಉಳಿಸಬೇಡಿ. ನಾನು ಇಷ್ಟು ಬರೆಯುತ್ತಿರುವುದೇ ಈ ಮಾತಿಗಾಗಿ.

ಮೊದಲ ತೂತಿಗಿಂತ 4 ಸೆಂ.ಮೀ. ಮೇಲೆ ಇನ್ನೊಂದು ತೂತು ಹಾಕಿ, ಅದಕ್ಕೆ ಬೇರೆಯೇ ಪೈಪು ಕೊಡಿ. ಸುಮ್ನೆ ಇರಲಿ. ಮೊದಲನೆಯದು ಕಟ್ಟಿದಾಗ ಅದು ಕೆಲಸಕ್ಕೆ ಬರುತ್ತದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ ಪ್ರಯೋಜನ ಇಲ್ಲ. ತೂತು 25 ಮಿ.ಮೀ. ಬಲ್ಕ್‌ಹೆಡ್ (ಪೈಪನ್ನು ತೂತಿಗೆ ಸೋರದಂತೆ ಜೋಡಿಸುವ ಬಿಡಿಭಾಗ) ಕೂರುವಷ್ಟು ಇರಲಿ. ಅದಕ್ಕಿಂತ ಚಿಕ್ಕದು ಬೇಡ. ತೂತಿನ ಮುಂದೆ ಬಾಚಣಿಗೆಯಂತೆ ಹಲ್ಲು ಕತ್ತರಿಸಿದ ಅಕ್ರಿಲಿಕ್ ತುಂಡು ಅಂಟಿಸಿ. ಕೋಪೆಪಾಡ್ ದಾಟಲಿ, ಪಾಚಿ ದಾಟದಿರಲಿ. ಇಳಿಪೈಪು ಪೂರ್ತಿ ಇಳಿಜಾರಾಗಿಯೇ ಬರಬೇಕು. ನಡುವೆ ಎಲ್ಲಿಯೂ ಜೋತುಬಿದ್ದು ಮತ್ತೆ ಏರಬಾರದು. ಅಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ.

ಪೆಟ್ಟಿಗೆಯನ್ನು ಟ್ಯಾಂಕ್‌ನ ಅಂಚಿಗೆ ತೂಗುಹಾಕಬೇಡಿ. ಒಂದು ಲೀಟರ್ ಉಪ್ಪುನೀರು ಒಂದು ಕಿಲೊಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಇಳಿಪೈಪು ಕಟ್ಟಿದ ದಿನ ಪೆಟ್ಟಿಗೆಯಲ್ಲಿ 36 ಲೀಟರ್ ಇರಬಹುದು. ಆ ಭಾರವನ್ನು ಒಂದು ಗಾಜಿನ ಅಂಚು ಹೊರಬಾರದು. ಟ್ಯಾಂಕ್ ಹಿಂದೆ ಅಥವಾ ಪಕ್ಕದಲ್ಲಿ ಗಟ್ಟಿ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂರಿಸಿ. ಇಳಿಪೈಪಿನ ತೂತು ಟ್ಯಾಂಕ್‌ನ ಅಂಚಿಗಿಂತ 10 ಸೆಂ.ಮೀ. ಮೇಲಿದ್ದರೆ ಸಾಕು. ಅಂಗಡಿಯಲ್ಲಿ ಸಿಗುವ, ಗಾಜಿಗೆ ತೂಗುಹಾಕುವ ಚಿಕ್ಕ ರೆಫ್ಯೂಜಿಯಂಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಅವು ಕೆಟ್ಟವಲ್ಲ. ಆದರೆ ನಿಮ್ಮ ನೈಟ್ರೇಟ್‌ಗೆ ಅಷ್ಟು ಪಾಚಿ ಸಾಲುವುದಿಲ್ಲ.

ಪಂಪು ಕೊಳ್ಳುವಾಗ ಅದು ಬರುವ ರಟ್ಟಿನ ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆ ನೋಡಿ ನಂಬಬೇಡಿ. ಅದು ಎತ್ತರವೇ ಇಲ್ಲದಾಗ ಹರಿಯುವ ಲೆಕ್ಕ. ಗರಿಷ್ಠ ಎತ್ತರ ಅಂತ ಕೊಟ್ಟಿರುವುದು ಹರಿವು ಸೊನ್ನೆಯಾಗುವ ಎತ್ತರ. ನಿಮಗೆ ಮೇಲೆ ತಲುಪಬೇಕಾದದ್ದು ಗಂಟೆಗೆ 200ರಿಂದ 300 ಲೀಟರ್. ಜೋಡಿಸಿದ ಮೇಲೆ ಏರುಪೈಪಿನ ತುದಿಗೆ ಒಂದು ಲೀಟರ್ ಜಗ್ ಹಿಡಿದು ಗಡಿಯಾರ ನೋಡಿ. 12 ಸೆಕೆಂಡಿಗೆ ತುಂಬಿದರೆ ಗಂಟೆಗೆ 300 ಲೀಟರ್. ಅಷ್ಟು ಬಂದರೆ ಚೆನ್ನ.

ಎಲ್ಲ ಜೋಡಿಸಿದ ಮೇಲೆ ಪೆಟ್ಟಿಗೆಗೆ ಸಿಹಿನೀರು ತುಂಬಿ ಒಂದು ಪೂರ್ತಿ ದಿನ ಬಿಡಿ. ಎಲ್ಲಿಯೂ ಸೋರದಿದ್ದರೆ ಆ ನೀರು ಚೆಲ್ಲಿ, ಪಂಪು ಹಾಕಿ ಟ್ಯಾಂಕ್ ನೀರನ್ನು ಓಡಿಸಿ. ಪೆಟ್ಟಿಗೆಗೆ ಹೋದಷ್ಟು ಉಪ್ಪುನೀರನ್ನು ಟ್ಯಾಂಕ್‌ಗೆ ಸೇರಿಸಿ ಮಟ್ಟ ಸರಿಮಾಡಿ. ಆಮೇಲೆ ನೀವೇ ಅದನ್ನು ಕೆಡಿಸಿ ನೋಡಿ. ಪ್ಲಗ್ ಕಿತ್ತು ಟ್ಯಾಂಕ್ ಎಷ್ಟು ಏರಿತು ಅಂತ ಗುರುತು ಹಾಕಿ. ಮತ್ತೆ ಪ್ಲಗ್ ಹಾಕಿ, ಎರಡೂ ತೂತನ್ನು ಬಟ್ಟೆಯಿಂದ ಮುಚ್ಚಿ, ಪಂಪು ಗಾಳಿ ಎಳೆಯುವ ತನಕ ಪಕ್ಕದಲ್ಲೇ ನಿಂತು ನೋಡಿ. ಈ ಎರಡು ಪರೀಕ್ಷೆ ಮಾಡದೆ ಆ ರಾತ್ರಿ ಮಲಗಬೇಡಿ. ವೈರುಗಳು ಪ್ಲಗ್‌ಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಲಿ. ಆಗ ವೈರಿನ ಮೇಲೆ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ ಸೇರುವುದಿಲ್ಲ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಉಪ್ಪುನೀರಿನ ಹತ್ತಿರ ಇದರಲ್ಲಿ ರಾಜಿ ಇಲ್ಲ.

ಪಾಚಿಗೆ ಕೀಟೊಮಾರ್ಫಾ ಹಾಕಿ. ಸಾಕುವವರು ಕೀಟೊ ಎನ್ನುತ್ತಾರೆ. ಗಂಟು ಬಿದ್ದ ಹಸಿರು ದಾರದ ಉಂಡೆಯ ಹಾಗಿರುತ್ತದೆ. ಬೇರು ಬಿಡುವುದಿಲ್ಲ, ಕಲ್ಲಿಗೆ ಅಂಟುವುದಿಲ್ಲ, ಕೈಯಲ್ಲಿ ಹರಿದು ತೆಗೆಯಬಹುದು. ಎರಡು ಮುಷ್ಟಿಯಷ್ಟು ಸಾಕು. ತಂದ ಕೂಡಲೇ ಬಕೆಟ್‌ನಲ್ಲಿ ಟ್ಯಾಂಕ್ ನೀರು ಹಾಕಿ ಜಾಲಾಡಿಸಿ. ಬಿಡಿಸಿ ಬಿಡಿಸಿ ನೋಡಿ. ಎಪ್ಟೇಸಿಯಾ ಎನ್ನುವ ಪುಟ್ಟ ಕಂದು ಅನಿಮೋನಿ ಒಂದೇ ಒಂದು ಬಂದರೂ ಆರು ತಿಂಗಳಲ್ಲಿ ಟ್ಯಾಂಕ್ ತುಂಬ ಅದೇ ಇರುತ್ತದೆ. ಸಿಹಿನೀರಿನಲ್ಲಿ ಮಾತ್ರ ತೊಳೆಯಬೇಡಿ. ಜೊತೆಗೆ ಬಂದ ಕೋಪೆಪಾಡ್‌ಗಳು ಸಾಯುತ್ತವೆ.

ಬೆಳಕಿಗೆ ಗಿಡ ಬೆಳೆಸುವ ಎಲ್‌ಇಡಿ ಆದರೂ ಸರಿ, 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಆದರೂ ಸರಿ. ಟ್ಯಾಂಕ್ ದೀಪ ಆರಿದ ಮೇಲೆ ಇದನ್ನು ಹಚ್ಚಿ, ಹನ್ನೆರಡು ಗಂಟೆ ಉರಿಯಲಿ. ಟೈಮರ್ ಹಾಕಿಬಿಡಿ. ರಾತ್ರಿ ಹಚ್ಚಲು ಕಾರಣ ಇದೆ. ಕತ್ತಲಾದಾಗ ಟ್ಯಾಂಕ್‌ನಲ್ಲಿ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದನ್ನು ಹೀರಲು ಯಾರೂ ಇರುವುದಿಲ್ಲ. ಅದಕ್ಕೇ ಬೆಳಗಿನ ಜಾವ ಪಿಎಚ್ ತೀರಾ ಇಳಿದಿರುತ್ತದೆ. ಪಕ್ಕದಲ್ಲಿ ಕೀಟೊ ಬೆಳಕಿನಲ್ಲಿದ್ದರೆ ಅದನ್ನು ಹೀರಿಕೊಳ್ಳುತ್ತದೆ, ಆಮ್ಲಜನಕ ಕೊಡುತ್ತದೆ. ಟ್ಯಾಂಕ್ ಕಡೆಗಿನ ಬದಿಗೆ ಕಪ್ಪು ಹಾಳೆ ಅಂಟಿಸಿ. ಬೆಳಕು ಸೋರಿದರೆ ಟ್ಯಾಂಕ್ ಗಾಜಿನ ಮೇಲೂ ಪಾಚಿ ಬರುತ್ತದೆ.

ಏನು ನಿರೀಕ್ಷಿಸಬಹುದು? ನಿಮ್ಮ ಟ್ಯಾಂಕ್‌ನಲ್ಲಿ ಕಲ್ಲು, ಮರಳು ಕಳೆದರೆ ಸುಮಾರು 180 ಲೀಟರ್ ನೀರಿದೆ. 40ರ ಲೆಕ್ಕದಲ್ಲಿ ಅದರಲ್ಲಿರುವ ಒಟ್ಟು ನೈಟ್ರೇಟ್ 7 ಗ್ರಾಂ ಚಿಲ್ಲರೆ. ಕೇಳಿದರೆ ಕಡಿಮೆ ಅನಿಸುತ್ತದೆ. ಆದರೆ ಮೀನಿಗೆ ಹಾಕುವ ಆಹಾರದಿಂದ ದಿನಾ ಅದು ಮತ್ತೆ ಸೇರುತ್ತಿದೆ. ಮೊದಲ ಎರಡು ವಾರ ಏನೂ ಆಗುವುದಿಲ್ಲ. ಕೀಟೊ ಸ್ವಲ್ಪ ಬಣ್ಣಗೆಡಲೂಬಹುದು. ಆಮೇಲೆ ಬೆಳೆಯುತ್ತದೆ. ಪೆಟ್ಟಿಗೆ ಅರ್ಧಕ್ಕಿಂತ ಜಾಸ್ತಿ ತುಂಬಿದಾಗ ಮೂರನೇ ಒಂದು ಭಾಗ ಕೀಳಿ. ಎರಡು ತಿಂಗಳು ಹೀಗೆ ಮಾಡಿ ಆಮೇಲೆ ಅಳೆದು ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಸಮುದ್ರದ ದೊಡ್ಡ ಪಾಚಿಗಳು ಪರಮಾಣು ಲೆಕ್ಕದಲ್ಲಿ ಒಂದು ಪಾಲು ಫಾಸ್ಫರಸ್‌ಗೆ ಸುಮಾರು 30 ಪಾಲು ನೈಟ್ರೋಜನ್ ಹೀರುತ್ತವೆ. ನಿಮ್ಮ ನೀರಿನಲ್ಲಿರುವುದು ಒಂದಕ್ಕೆ 300. ಅಂದರೆ ನೈಟ್ರೇಟ್ ಇಳಿಯುವ ಮೊದಲೇ ಫಾಸ್ಫೇಟ್ ಮುಗಿಯಬಹುದು. ಆಗ ಕೀಟೊ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಕಲ್ಲು, ಮರಳಿನಲ್ಲಿ ಸೇರಿಕೊಂಡ ಫಾಸ್ಫೇಟ್ ನಿಧಾನವಾಗಿ ಹೊರಬರುತ್ತಿರುತ್ತದೆ, ಅದರಿಂದ ಸ್ವಲ್ಪ ಅನುಕೂಲ. ಆದರೂ ನೀರು ಬದಲಿಸುವುದನ್ನು ಈಗಲೇ ಬಿಡಬೇಡಿ. ಐದನೇ ಒಂದು ಭಾಗ ಬದಲಿಸಿದರೆ 40 ಇದ್ದದ್ದು 32 ಆಗುತ್ತದೆ. ಇಳಿದದ್ದು ಮತ್ತೆ ಏರದಂತೆ ಪಾಚಿ ಹಿಡಿದಿಡುತ್ತದೆ. ಫಾಸ್ಫೇಟ್ ಹೀರುವ ಜಿಎಫ್‌ಒ ಏನಾದರೂ ಬಳಸುತ್ತಿದ್ದರೆ ತೆಗೆದಿಡಿ. ಕಲ್ಲಿನ ಮೇಲಿನ ಕೂದಲು ಪಾಚಿಯನ್ನು ಕೈಯಿಂದಲೇ ಕೀಳಬೇಕು. ಅದು ಕೀಟೊಗೆ ಹೆದರಿ ತಾನಾಗಿ ಹೋಗುವುದಿಲ್ಲ. ಆದರೆ ಕಿತ್ತ ಜಾಗದಲ್ಲಿ ಮತ್ತೆ ಅಷ್ಟು ಬೇಗ ಬರುವುದಿಲ್ಲ.

ನೀರು ಆವಿಯಾಗುವುದು ಈಗ ಸ್ವಲ್ಪ ಜಾಸ್ತಿಯಾಗುತ್ತದೆ. ಪಂಪಿನ ಪಾತ್ರೆಯ ಬಾಯಿ ಮೂರೇ ಸೆಂ.ಮೀ. ಕೆಳಗಿದೆ ಎನ್ನುವುದು ನೆನಪಿರಲಿ. ದಿನಾ ಸಿಹಿನೀರು ಸೇರಿಸಿ ಮಟ್ಟ ಕಾಪಾಡಿ.

ಮ್ಯಾಂಡರಿನ್ ವಿಷಯ. ಅದು ಬೆಳಗಿನಿಂದ ಸಂಜೆಯವರೆಗೆ ಕಲ್ಲಿನಿಂದ ಕಲ್ಲಿಗೆ ಹೋಗಿ ಕೋಪೆಪಾಡ್ ಹೆಕ್ಕಿ ತಿನ್ನುವ ಮೀನು. ಹೊಸ ಟ್ಯಾಂಕ್‌ಗಳಲ್ಲಿ ಹಸಿವಿನಿಂದಲೇ ಎಷ್ಟೋ ಸಾಯುತ್ತವೆ. ಅದನ್ನು ನೋಡಲಾಗುವುದಿಲ್ಲ. ದಿನದಿನವೂ ಹೊಟ್ಟೆ ಒಳಕ್ಕೆ ಹೋಗುತ್ತಾ ಬರುತ್ತದೆ. ರೆಫ್ಯೂಜಿಯಂ ಇಟ್ಟು ಆರು ತಿಂಗಳಾಗಲಿ. ದೀಪ ಆರಿ ಎರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಟ್ಯಾಂಕ್ ಗಾಜು ನೋಡಿ. ಎಲ್ಲಿ ನೋಡಿದರೂ ಬಿಳಿ ಚುಕ್ಕೆಗಳು ಓಡಾಡುತ್ತಿದ್ದರೆ ಆಗ ಯೋಚನೆ ಮಾಡೋಣ. ಆಗಲೂ ಅಂಗಡಿಯಲ್ಲೇ ಫ್ರೋಜನ್ ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿದ ಮೀನನ್ನೇ ತನ್ನಿ. ನೀರು ಮೇಲಿಂದ ಇಳಿದು ಬರುವುದರ ಒಂದು ಲಾಭ ಇಲ್ಲಿದೆ. ಕೋಪೆಪಾಡ್‌ಗಳು ಪಂಪಿನ ರೆಕ್ಕೆಗೆ ಸಿಗದೆ ನೇರವಾಗಿ ಟ್ಯಾಂಕ್‌ಗೆ ಬೀಳುತ್ತವೆ.

ಪ್ರಶ್ನೆ: ನನ್ನ ಬಳಿ ಕೀಟೊ ಸಿಗುತ್ತಿಲ್ಲ. ಗೆಳೆಯರೊಬ್ಬರು ಕಾಲರ್ಪಾ ಕೊಡುತ್ತೇನೆ ಎನ್ನುತ್ತಾರೆ. ನೋಡಲು ದ್ರಾಕ್ಷಿ ಗೊಂಚಲಿನಂತೆ ತುಂಬ ಚೆನ್ನಾಗಿದೆ. ಹಾಕಬಹುದೇ?

ಉತ್ತರ: ಚೆನ್ನಾಗಿರುವುದು ನಿಜ. ಬೇಗ ಬೆಳೆಯುವುದೂ ನಿಜ. ಆದರೂ ನಾನು ಬೇಡ ಎನ್ನುತ್ತೇನೆ.

ಕಾಲರ್ಪಾದ ಒಂದು ಇಡೀ ಗಿಡ ಒಂದೇ ಜೀವಕೋಶ. ಒಳಗೆ ಗೋಡೆಗಳಿಲ್ಲ. ಕೆಲವೊಮ್ಮೆ ಅದು ಒಂದೇ ರಾತ್ರಿಯಲ್ಲಿ ತನ್ನೊಳಗಿನದ್ದನ್ನೆಲ್ಲ ಸಂತಾನಕ್ಕಾಗಿ ನೀರಿಗೆ ಬಿಟ್ಟು ಸತ್ತುಹೋಗುತ್ತದೆ. ಬೆಳಿಗ್ಗೆ ನೀರು ಹಾಲುಹಾಲಾಗಿ ಹಸಿರಾಗಿರುತ್ತದೆ. ಗಿಡ ಮಾತ್ರ ಗಾಜಿನಂತೆ ಬೆಳ್ಳಗಾಗಿ ನಿಂತಿರುತ್ತದೆ. ತಿಂಗಳುಗಟ್ಟಲೆ ಹೀರಿಕೊಂಡದ್ದೆಲ್ಲ ವಾಪಸ್ ಬಂತು, ಆಮ್ಲಜನಕವೂ ಕುಸಿಯಿತು. ಹೀಗಾದರೆ ಅರ್ಧ ನೀರು ಬದಲಿಸಿ, ಗಾಳಿಯ ಪಂಪು ಜೋರಾಗಿ ಹಾಕಿ, ಆಕ್ಟಿವೇಟೆಡ್ ಕಾರ್ಬನ್ ಇಡಿ.

ಎರಡನೇ ಕಾರಣ ಟ್ಯಾಂಕ್‌ನ ಹೊರಗಿನದು. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎನ್ನುವ ಜಾತಿ 1984ರಲ್ಲಿ ಮೊನಾಕೊ ಹತ್ತಿರ ಮೆಡಿಟರೇನಿಯನ್ ಸಮುದ್ರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂನಿಂದ ಹೊರಬಿದ್ದ ಪಾಚಿ ಅದು. ಆಮೇಲೆ ಸಾವಿರಾರು ಹೆಕ್ಟೇರ್ ಸಮುದ್ರತಳಕ್ಕೆ ಹರಡಿತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಕರಾವಳಿಯ ಒಂದು ಹಿನ್ನೀರಿನಲ್ಲಿ ಸಿಕ್ಕಿತು. ಟಾರ್ಪಾಲಿನ್ ಮುಚ್ಚಿ, ಒಳಗೆ ಕ್ಲೋರಿನ್ ಹಾಕಿ ಕೊಂದರು. ಪೂರ್ತಿ ಹೋಯಿತು ಎಂದು ಹೇಳಲು 2006ರವರೆಗೆ ಕಾಯಬೇಕಾಯಿತು. ಒಂದು ಬೆರಳುದ್ದದ ತುಂಡಿನಿಂದ ಅದು ಮತ್ತೆ ಬೆಳೆಯಬಲ್ಲದು. ಕೀಟೊ ಸಿಗುವ ತನಕ ಕಾಯಿರಿ. ಯಾವ ಪಾಚಿಯನ್ನೇ ಆಗಲಿ, ಕಿತ್ತದ್ದನ್ನು ಚರಂಡಿಗೋ ಸಮುದ್ರಕ್ಕೋ ಹಾಕಬೇಡಿ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ.

ಪ್ರಶ್ನೆ: ರೆಫ್ಯೂಜಿಯಂ ತಳಕ್ಕೆ ಮರಳು ಹಾಕಬೇಕಾ?

ಉತ್ತರ: ಬೇಡ. ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾಗೆ ಆಮ್ಲಜನಕ ಇಲ್ಲದ ಆಳ ಬೇಕು. ಅದಕ್ಕೆ 10 ಸೆಂ.ಮೀ.ಗಿಂತ ಜಾಸ್ತಿ ಮರಳು ಹಾಕಬೇಕು. 20 ಸೆಂ.ಮೀ. ನೀರಿನ ಪೆಟ್ಟಿಗೆಯಲ್ಲಿ ಅದು ಪಾಚಿಯ ಅರ್ಧ ಜಾಗ ತಿನ್ನುತ್ತದೆ. ನಾಲ್ಕು ಸಣ್ಣ ಕಲ್ಲು ಹಾಕಿ, ಅವುಗಳ ಸಂದಿಯಲ್ಲಿ ಕೋಪೆಪಾಡ್ ಇರುತ್ತವೆ. ತಳ ಬರಿದಾಗಿದ್ದರೆ ಕೂತ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯುವುದೂ ಸುಲಭ.

ಪ್ರಶ್ನೆ: ನನ್ನದು 60 ಲೀಟರಿನ ಚಿಕ್ಕ ಟ್ಯಾಂಕ್. ಮೇಲೆ ಪೆಟ್ಟಿಗೆ ಇಡಲು ಜಾಗವೇ ಇಲ್ಲ. ನನಗೆ ದಾರಿ ಇಲ್ಲವೇ?

ಉತ್ತರ: ಇದೆ. ಮೀನು ಮರಿಗಳನ್ನು ಬೇರೆ ಇಡಲು ಬಳಸುವ ಜಾಲರಿ ಡಬ್ಬಿ ಇರುತ್ತದಲ್ಲ, ಅದನ್ನು ಟ್ಯಾಂಕ್ ಒಳಗೆ ಹಿಂದಿನ ಮೂಲೆಗೆ ಅಂಟಿಸಿ. ಒಳಗೆ ಒಂದು ಮುಷ್ಟಿ ಕೀಟೊ ಹಾಕಿ. ಗಾಜಿನ ಹೊರಗಿನಿಂದ ಸಣ್ಣ ಎಲ್‌ಇಡಿ ಬಿಡಿ. ಉಕ್ಕುವ ಭಯವೇ ಇಲ್ಲ, ಏಕೆಂದರೆ ನೀರು ಟ್ಯಾಂಕ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಸ್ವಲ್ಪ ಜಾಗ ಹೋಗುತ್ತದೆ, ನೋಟಕ್ಕೂ ಅಷ್ಟು ಚೆಂದ ಅಲ್ಲ. ಆದರೆ ಚಿಕ್ಕ ಟ್ಯಾಂಕ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಡಬ್ಬಿಯ ಒಳಗೆ ನೀರು ಓಡಾಡುತ್ತಿರಬೇಕು, ಅದೊಂದನ್ನು ನೋಡಿಕೊಳ್ಳಿ.

ಪ್ರಶ್ನೆ: ಮೇಲೆ ಪೆಟ್ಟಿಗೆ ಇಟ್ಟು ಐದು ತಿಂಗಳಾಯಿತು. ಮೊದಲು ಕೀಟೊ ತುಂಬ ಚೆನ್ನಾಗಿ ಬೆಳೆಯಿತು. ಈಗ ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುತ್ತಿದೆ. ನೈಟ್ರೇಟ್ ಸೊನ್ನೆ ತೋರಿಸುತ್ತಿದೆ. ಗೆದ್ದೆ ಅಂದುಕೊಂಡಿದ್ದೆ. ಏನು ತಪ್ಪಾಯಿತು?

ಉತ್ತರ: ಅದು ಹಸಿದಿದೆ. ನೈಟ್ರೇಟ್ ಸೊನ್ನೆ ಅಂದರೆ ಪಾಚಿಗೆ ಊಟ ಇಲ್ಲ. ಸೊನ್ನೆ ನಮ್ಮ ಗುರಿ ಅಲ್ಲವೇ ಅಲ್ಲ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಇದ್ದರೆ ಹವಳಕ್ಕೂ ಹಿತ, ಕೀಟೊಗೂ ಹಿತ. ಎರಡೂ ಸೊನ್ನೆಗೆ ಇಳಿದ ಟ್ಯಾಂಕ್‌ಗಳಲ್ಲಿ ಡೈನೊಫ್ಲಜೆಲೇಟ್ ಎನ್ನುವ ಕಂದು ಲೋಳೆ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದನ್ನು ಓಡಿಸುವುದು ಕೂದಲು ಪಾಚಿಗಿಂತ ಎಷ್ಟೋ ಕಷ್ಟ.

ಇವತ್ತೇ ಮಾಡಬೇಕಾದದ್ದು ಪುಡಿಯಾಗುತ್ತಿರುವ ಭಾಗವನ್ನೆಲ್ಲ ತೆಗೆಯುವುದು. ಅದು ಕೊಳೆತರೆ ಹೀರಿದ್ದನ್ನೆಲ್ಲ ನೀರಿಗೇ ಬಿಡುತ್ತದೆ. ಆ ತುಣುಕುಗಳೇ ಇಳಿಪೈಪಿಗೂ ಹೋಗಿ ಕೂರುತ್ತವೆ, ಬಾಚಣಿಗೆ ಹಲ್ಲನ್ನು ಉಜ್ಜಿ ತೊಳೆಯಿರಿ. ಹಸಿರು ಉಳಿದಿರುವ ಒಂದು ಮುಷ್ಟಿ ಮಾತ್ರ ಇಟ್ಟುಕೊಳ್ಳಿ. ದೀಪವನ್ನು ಹನ್ನೆರಡು ಗಂಟೆಯಿಂದ ಆರಕ್ಕೆ ಇಳಿಸಿ. ಮೀನಿಗೆ ಆಹಾರ ಸ್ವಲ್ಪ ಹೆಚ್ಚಿಸಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಇದ್ದರೆ ದಿನದಲ್ಲಿ ಕೆಲವು ಗಂಟೆ ನಿಲ್ಲಿಸಿ.

ಫಾಸ್ಫೇಟ್ ಎಷ್ಟಿದೆ ಎಂದು ನೀವು ಬರೆದಿಲ್ಲ. ಅದನ್ನೂ ಅಳೆಯಿರಿ. ನೈಟ್ರೇಟ್ ಮರಳಿ 5ರ ಹತ್ತಿರ ಬಂದು, ಫಾಸ್ಫೇಟ್ ಕೂಡ ಸರಿಯಾಗಿದ್ದು, ಆದರೂ ಕೀಟೊ ಬೆಳ್ಳಗೇ ಇದ್ದರೆ ಎರಡು ಸಂಗತಿ ನೋಡಿ. ದೀಪ ತೀರಾ ಹತ್ತಿರ ಇದೆಯಾ? ಹಾಗಿದ್ದರೆ ಉಂಡೆಯ ಮೇಲ್ಭಾಗ ಮಾತ್ರ ಬಿಳಿಯಾಗಿ ಒಳಗೆ ಹಸಿರಿರುತ್ತದೆ. ಉಂಡೆ ಅಲ್ಲಾಡದೆ ಒಂದೇ ಕಡೆ ಕೂತಿದೆಯಾ? ಹಾಗಿದ್ದರೆ ಕೆಳಭಾಗ ಬೆಳಕಿಲ್ಲದೆ ಸಾಯುತ್ತದೆ. ವಾರಕ್ಕೊಮ್ಮೆ ಕೈಯಲ್ಲಿ ಎತ್ತಿ ತಿರುಗಿಸಿ ಹಾಕಿ. ಕಬ್ಬಿಣದ ಅಂಶ ಕಡಿಮೆಯಾಗಿಯೂ ಹೀಗಾಗುತ್ತದೆ. ಆದರೆ ಬಾಟಲಿ ತಂದು ಸುರಿಯುವ ಮೊದಲು ಎರಡು ಸಲ ನೀರು ಬದಲಿಸಿ ನೋಡಿ. ಹೊಸ ಉಪ್ಪಿನಲ್ಲಿ ಅಂಥ ಅಂಶಗಳು ಇದ್ದೇ ಇರುತ್ತವೆ. ಮೂರು ವಾರದ ಮೇಲೆ ಎರಡೂ ಸಂಖ್ಯೆ ಹಾಕಿ ಮತ್ತೆ ಬರೆಯಿರಿ. ಆ ಒಂದು ಮುಷ್ಟಿ ಹಸಿರು ಉಳಿದಿದೆಯಾ ಎನ್ನುವುದನ್ನೂ ಬರೆಯಿರಿ.